ಆಕಾಶದ ಪ್ರಶ್ನೆಗಳು: ಯುದ್ಧವಿಲ್ಲದ ದಿನಗಳಲ್ಲಿ ಬಿದ್ದ ಜೆಟ್‌ಗಳು

(ವಾಯುಪಡೆಯ ನಿವೃತ್ತ ಕ್ಯಾನ್‌ಬೆರಾ ಪೈಲಟ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ಮಾನ್ಯರೇ, 1951ರ ಜೂನ್ 18ರಂದು ಲಂಡನ್ ಸಮೀಪದ ಬಿಗಿನ್ ಹಿಲ್ ವಾಯುನೆಲೆಯ ಬಳಿ ಮೂರು ಮೀಟಿಯರ್ ಜೆಟ್ ವಿಮಾನಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಿದ್ದು ಮೂವರು ಪೈಲಟ್‌ಗಳೂ ಸತ್ತರು ಎಂದು ಓದಿದೆ. ಮಹಾಯುದ್ಧ ಮುಗಿದು ಆರು ವರ್ಷ ಕಳೆದಿತ್ತು. ಬ್ರಿಟನ್ನಿನ ಆಕಾಶದಲ್ಲಿ ಶತ್ರು ಇರಲಿಲ್ಲ. ಹಾಗಿದ್ದರೂ ಆ ವರ್ಷಗಳಲ್ಲಿ ತರಬೇತಿ ಹಾರಾಟಗಳಲ್ಲಿ ನೂರಾರು ಜನ ಸತ್ತರಂತೆ. ಹುಡುಗರು ಅನುಭವ ಸಾಲದೆ ಬೀಳಿಸಿದರೋ, ವಿಮಾನವೇ ಕೆಟ್ಟದ್ದೋ? — ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಧಾರವಾಡ

ಉತ್ತರ: ಮೇಷ್ಟ್ರೇ, ನೀವು ಓದಿದ್ದು ನಿಜ. ಮೊದಲನೆಯ ಮೀಟಿಯರ್ ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಬಿತ್ತು. ಅದು ಉರಿಯುತ್ತಿರುವಾಗಲೇ, ಇಳಿಯಲೆಂದು ಅಲ್ಲೇ ಸುತ್ತುತ್ತಿದ್ದ ಇನ್ನೆರಡು ಮೀಟಿಯರ್‌ಗಳು ಅದರ ಆಸುಪಾಸಿನಲ್ಲೇ ಬಿದ್ದವು. ಮೂವರಲ್ಲಿ ಒಬ್ಬರೂ ಉಳಿಯಲಿಲ್ಲ. ಒಂದೇ ದಿನ ಮೂರು ಬಿದ್ದದ್ದರಿಂದ ಆ ಘಟನೆ ಇಂದಿಗೂ ನೆನಪಿನಲ್ಲಿದೆ. ಇಂದು ಒಂದು, ನಾಳೆ ಇನ್ನೊಂದು ಎಂಬಂತೆ ಬಿದ್ದ ಮೀಟಿಯರ್‌ಗಳ ಲೆಕ್ಕ ಅದಕ್ಕಿಂತ ಎಷ್ಟೋ ದೊಡ್ಡದು. ಬ್ರಿಟನ್ನಿನ ವಾಯುಪಡೆ ತನ್ನ ಸೇವೆಯಲ್ಲಿದ್ದ ಮೀಟಿಯರ್‌ಗಳಲ್ಲಿ ಸುಮಾರು 890ನ್ನು ಕಳೆದುಕೊಂಡಿತು. ಸತ್ತ ಪೈಲಟ್‌ಗಳು 400ಕ್ಕೂ ಹೆಚ್ಚು. 1950ರ ದಶಕದ ಆರಂಭದಲ್ಲಂತೂ ಒಂದೊಂದು ವರ್ಷದಲ್ಲಿ ನೂರಕ್ಕೂ ಮೇಲ್ಪಟ್ಟು ವಿಮಾನಗಳು ಹಾಳಾದವು. ಇದರಲ್ಲಿ ಬಹುಪಾಲು ಶಾಂತಿಕಾಲದ ಅಭ್ಯಾಸದ ಹಾರಾಟಗಳಲ್ಲೇ ಆದದ್ದು.

ಅನುಭವ ಸಾಲದೆ ಎಂದು ಕೇಳಿದ್ದೀರಿ. ಆ ಮಾತಿನ ಮೇಲೆ ನನಗೆ ಹಳೆಯ ಸಿಟ್ಟು ಇದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೀಟಿಯರ್ ಎರಡು ಎಂಜಿನ್‌ಗಳ ವಿಮಾನ. 1943ರ ಮಾರ್ಚ್‌ನಲ್ಲಿ ಮೊದಲು ಹಾರಿತು, 1944ರ ಜುಲೈನಲ್ಲಿ ಸೇವೆಗೆ ಬಂತು. ಮಿತ್ರರಾಷ್ಟ್ರಗಳ ಕಡೆಯಿಂದ ಆ ಯುದ್ಧದಲ್ಲಿ ಕಾದಾಡಿದ ಜೆಟ್ ಅದೊಂದೇ. ಅದರ ಎಂಜಿನ್‌ಗಳು ದೇಹಕ್ಕೆ ಅಂಟಿಕೊಂಡಿಲ್ಲ. ದೇಹದಿಂದ ದೂರ, ರೆಕ್ಕೆಗಳ ನಡುವೆ, ಎರಡು ದೊಡ್ಡ ಪೀಪಾಯಿಗಳಂತೆ ಕೂತಿವೆ. ಎರಡೂ ಓಡುತ್ತಿರುವವರೆಗೆ ತೊಂದರೆಯಿಲ್ಲ. ಒಂದು ನಿಂತರೆ? ಜೋಡಿ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಬಲಗಡೆಯ ಎತ್ತು ನಿಂತು ಎಡಗಡೆಯದು ಎಳೆಯುತ್ತಲೇ ಇದ್ದರೆ ಗಾಡಿ ಬಲಕ್ಕೆ ತಿರುಗುತ್ತದೆ. ವಿಮಾನವೂ ಹಾಗೆಯೇ ನಿಂತ ಎಂಜಿನ್ನಿನ ಕಡೆಗೆ ಮೂತಿ ತಿರುಗಿಸುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಮೂತಿ ಬಲಕ್ಕೆ ತಿರುಗುವಾಗ ಎಡ ರೆಕ್ಕೆ ಮುಂದೆ ಬೀಸಿಕೊಂಡು ಹೋಗುತ್ತದೆ, ಅದಕ್ಕೆ ಹೆಚ್ಚು ಗಾಳಿ ಸಿಗುತ್ತದೆ, ಅದು ಮೇಲೇಳುತ್ತದೆ. ನೋಡನೋಡುತ್ತ ವಿಮಾನ ಬಲಕ್ಕೆ ಮಗುಚುತ್ತದೆ.

ಇದನ್ನು ತಡೆಯಲು ಪೈಲಟ್ಟಿನ ಬಳಿ ಇರುವುದು ಬಾಲದ ಮೇಲೆ ಎಡಬಲಕ್ಕೆ ಹೊರಳುವ ಪಟ್ಟಿ, ಅಂದರೆ ರಡ್ಡರ್, ಅದನ್ನು ತಿರುಗಿಸುವ ಕಾಲು. ಬಲ ಎಂಜಿನ್ ನಿಂತರೆ ಎಡಗಾಲಿನಿಂದ ಪೆಡಲ್ ಒತ್ತಿ ಹಿಡಿಯಬೇಕು. ಸುಮ್ಮನಿರುವ ಕಾಲು ಯಾವ ಕಡೆಯದೋ ಆ ಕಡೆಯ ಎಂಜಿನ್ ಸತ್ತಿದೆ ಎಂದು ನಮಗೆ ಕಲಿಸುತ್ತಿದ್ದರು. ಮೀಟಿಯರ್‌ನಲ್ಲಿ ರಡ್ಡರ್‌ಗೆ ಯಂತ್ರದ ನೆರವು ಇರಲಿಲ್ಲ, ಒತ್ತುವ ಬಲವೆಲ್ಲ ಪೈಲಟ್ಟಿನ ತೊಡೆಯಿಂದಲೇ ಬರಬೇಕಿತ್ತು. ರಡ್ಡರ್ ಕೆಲಸ ಮಾಡುವುದು ಅದರ ಮೇಲೆ ಹಾಯುವ ಗಾಳಿಯಿಂದ. ವೇಗ ಅರ್ಧವಾದರೆ ಅದರ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಒಂದು ವೇಗಕ್ಕಿಂತ ಕೆಳಗೆ ಹೋದರೆ ಪೆಡಲನ್ನು ಕೊನೆಯವರೆಗೆ ತುಳಿದರೂ ವಿಮಾನ ತಿರುಗುವುದನ್ನು ತಡೆಯಲಾಗದು. ಮೀಟಿಯರ್ ನೆಲ ಬಿಡುವ ವೇಗಕ್ಕೂ ಒಂದೇ ಎಂಜಿನ್ನಿನಲ್ಲಿ ಅದನ್ನು ನಂಬಿ ಹಿಡಿಯಬಹುದಾದ ವೇಗಕ್ಕೂ ನಡುವೆ ಹತ್ತಾರು ನಾಟ್‌ಗಳ ಅಂತರವಿತ್ತು (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಪ್ರತಿ ಟೇಕಾಫ್‌ನಲ್ಲೂ ಆ ಅಂತರವನ್ನು ದಾಟುವ ಕೆಲವು ಸೆಕೆಂಡುಗಳಲ್ಲಿ ಪೈಲಟ್ ಅದೃಷ್ಟದ ಕೈಯಲ್ಲಿರುತ್ತಿದ್ದ.

ಇಳಿಯುವಾಗಿನ ಕಷ್ಟ ಇನ್ನೊಂದು ಬಗೆಯದು. ಒಂದೇ ಎಂಜಿನ್ನಿನಲ್ಲಿ ರನ್‌ವೇ ಕಡೆಗೆ ಬರುತ್ತಿದ್ದೀರಿ, ವೇಗ ಇಳಿದಿದೆ, ಚಕ್ರ ಹೊರಗಿದೆ. ಯಾಕೋ ಸರಿ ಕಾಣಲಿಲ್ಲ, ಇನ್ನೊಂದು ಸುತ್ತು ಹೋಗೋಣ ಎಂದು ಓಡುತ್ತಿರುವ ಎಂಜಿನ್ನಿನ ಥ್ರಾಟಲ್, ಅಂದರೆ ಬಲ ಏರಿಳಿಸುವ ಹಿಡಿಯನ್ನು, ಮುಂದೆ ತಳ್ಳುತ್ತೀರಿ. ಪ್ರೊಪೆಲ್ಲರ್ ವಿಮಾನಗಳಲ್ಲಿ ಕಲಿತು ಬಂದವನಿಗೆ ಅದು ಉಸಿರಾಟದಷ್ಟು ಸಹಜ. ಪ್ರೊಪೆಲ್ಲರ್ ತಕ್ಷಣ ಎಳೆಯುತ್ತದೆ, ರೆಕ್ಕೆಯ ಮೇಲೂ ಗಾಳಿ ಬೀಸುತ್ತದೆ. ಆ ಕಾಲದ ಜೆಟ್ ಎಂಜಿನ್ ಮೊದಲು ಕೆಲವು ಸೆಕೆಂಡು ಏನೂ ಮಾಡುತ್ತಿರಲಿಲ್ಲ. ಆಮೇಲೆ ಪೂರ್ತಿ ಬಲ ಒಂದೇ ಕಡೆಯಿಂದ ಒಮ್ಮೆಲೇ ಬರುತ್ತಿತ್ತು. ಕಡಿಮೆ ವೇಗದಲ್ಲಿದ್ದ ವಿಮಾನ ಅಲ್ಲೇ ಬೆನ್ನಡಿಯಾಗುತ್ತಿತ್ತು. ಆಗ ಉಳಿಯಲು ಇರುವುದು ಒಂದೇ ದಾರಿ: ಥ್ರಾಟಲ್ ಹಿಂದಕ್ಕೆ, ಮೂತಿ ಕೆಳಕ್ಕೆ. ಮುನ್ನೂರು ಅಡಿ ಎತ್ತರದಲ್ಲಿ ಮೂತಿ ಕೆಳಕ್ಕೆ ಮಾಡಲು ಯಾರಿಗೆ ಜಾಗವಿದೆ?

ಇಷ್ಟೆಲ್ಲ ಅಪಾಯವಿರುವುದರಿಂದ ಒಂದು ಎಂಜಿನ್ನಿನಲ್ಲಿ ಹಾರುವುದನ್ನು ಕಲಿಸಲೇಬೇಕು. ಅದರಲ್ಲಿ ತಪ್ಪಿಲ್ಲ. ಆದರೆ ಹೇಗೆ ಕಲಿಸಿದರು? ಎಂಜಿನ್ನಿಗೆ ಇಂಧನ ಬಂದ್ ಮಾಡಿ, ನಿಜವಾಗಿಯೇ ನಿಲ್ಲಿಸಿ ಕಲಿಸಿದರು. ಹಾಗೆ ನಿಲ್ಲಿಸಿದ ಎಂಜಿನ್ನನ್ನು ಬೇಕೆಂದಾಗ ತಕ್ಷಣ ಹೊತ್ತಿಸಲಾಗುವುದಿಲ್ಲ. ಕಲಿಯುವವನ ಕೈ ತಪ್ಪಿದರೆ ಕಲಿಸುವವನಿಗೂ ಉಳಿದಿರುವುದು ಒಂದೇ ಎಂಜಿನ್. ನಿಜವಾಗಿ ಎಂಜಿನ್ ಕೈಕೊಟ್ಟು ಸತ್ತವರಿಗಿಂತ, ಕೈಕೊಟ್ಟರೆ ಏನು ಮಾಡಬೇಕೆಂದು ಕಲಿಯುತ್ತ ಸತ್ತವರೇ ಹೆಚ್ಚು ಎಂದು ಮೀಟಿಯರ್ ಹಾರಿಸಿದವರು ಹೇಳುತ್ತಾರೆ. ಮೇಷ್ಟ್ರೇ, ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಈಜು ಕಲಿಸುತ್ತೇವೆಂದು ಮಕ್ಕಳನ್ನು ಕೆರೆಯ ನಡುವೆ ಎಸೆದು, ಮುಳುಗಿದವರ ಹೆಸರಿನ ಮುಂದೆ ‘ಈಜಲು ಬರುತ್ತಿರಲಿಲ್ಲ’ ಎಂದು ಬರೆದ ಹಾಗೆ. ಪೈಲಟ್ಟಿನ ತಪ್ಪು ಎಂಬ ಎರಡು ಪದಗಳಿಗೆ ನಾನು ಸಿಟ್ಟಾಗುವುದು ಇದಕ್ಕೇ.

ನಾನು ಮೀಟಿಯರ್ ಹಾರಿಸಿದವನಲ್ಲ. ಹಾರಿಸಿದ್ದು ಕ್ಯಾನ್‌ಬೆರಾ. 1957ರಿಂದ 2007ರವರೆಗೆ ನಮ್ಮ ವಾಯುಪಡೆಯಲ್ಲಿದ್ದ ಬಾಂಬರ್ ಅದು. ಅದರ ಎರಡು ಎಂಜಿನ್‌ಗಳೂ ದೇಹದಿಂದ ದೂರ, ರೆಕ್ಕೆಯಲ್ಲೇ ಇದ್ದವು. ನನ್ನ ಕಾಲಕ್ಕೆ ಪಾಠ ಬದಲಾಗಿತ್ತು. ಎಂಜಿನ್ ನಿಲ್ಲಿಸುತ್ತಿರಲಿಲ್ಲ, ಥ್ರಾಟಲನ್ನು ಹಿಂದಕ್ಕೆ ಎಳೆದಿಟ್ಟು ನಿಂತಿದೆ ಎಂದು ಭಾವಿಸಿಕೊಳ್ಳಲು ಹೇಳುತ್ತಿದ್ದರು. ಆದರೂ ಮೊದಲ ಸಲ ಆಗ್ರಾದಲ್ಲಿ ಆ ಅಭ್ಯಾಸ ಮಾಡಿದ ಬೆಳಗ್ಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಕ್ಕದಲ್ಲಿ ಕೂತ ಶಿಕ್ಷಕರು ಏನೂ ಹೇಳದೆ ಬಲಗಡೆಯ ಥ್ರಾಟಲ್ ಎಳೆದರು. ಮೂತಿ ಬಲಕ್ಕೆ ಜಾರಿತು. ಎಡಗಾಲನ್ನು ನೇರ ಚಾಚಿ, ಮಂಡಿ ಬಿಗಿದು ಪೆಡಲ್ ತುಳಿದೆ. ವಿಮಾನ ನೇರವಾಯಿತು. ಎರಡು ನಿಮಿಷ ಕಳೆಯುವಷ್ಟರಲ್ಲಿ ತೊಡೆ ನಡುಗತೊಡಗಿತು. ನಾನು ನಡುಗಿಸುತ್ತಿರಲಿಲ್ಲ, ತಾನಾಗಿಯೇ ಹೊಲಿಗೆ ಯಂತ್ರದ ಸೂಜಿಯಂತೆ ಏರಿಳಿಯುತ್ತಿತ್ತು. ಶೂಗಳ ಒಳಗೆ ಬೆವರು. ಶಿಕ್ಷಕರು ನನ್ನ ಕಾಲನ್ನು ನೋಡಿದರು, ಮತ್ತೆ ವೇಗದ ಮಾಪಕವನ್ನು ಬೆರಳಿನಿಂದ ತೋರಿಸಿದರು. ಕಾಲಿನ ಚಿಂತೆಯಲ್ಲಿ ನಾನು ಎಂಟು ನಾಟ್ ಕಳೆದುಕೊಂಡಿದ್ದೆ.

ಇಳಿದ ಮೇಲೆ ಏಣಿಯ ಮೇಲೆ ಎಡಗಾಲು ಇಟ್ಟರೆ ಅದು ನಿಲ್ಲಲಿಲ್ಲ. ಕೆಳಗೆ ಕಾದು ನಿಂತಿದ್ದ ಅವರು ಭುಜ ಕೊಟ್ಟು ಇಳಿಸಿದರು. ‘ಕಾಲು ನಡುಗಿದ್ದಕ್ಕೆ ನಾಚಿಕೆ ಬೇಡ, ಕಾಲು ಸೋಲುವ ಮೊದಲು ವೇಗ ನೋಡಿಕೋ’ ಎಂದರು. ನನಗೆ ಆಗ 24 ವರ್ಷ. ಅಗತ್ಯ ಬಿದ್ದಿದ್ದರೆ ಒಂದು ಕೈಯಲ್ಲಿ ಆ ಥ್ರಾಟಲನ್ನು ಅವರು ಮುಂದೆ ತಳ್ಳಬಹುದಿತ್ತು, ಎಂಜಿನ್ ಜೀವಂತವಾಗಿತ್ತು. ಯಾರ್ಕ್‌ಷೈರಿನ ಡ್ರಿಫೀಲ್ಡ್‌ನಂಥ ಶಾಲೆಗಳಲ್ಲಿ 1950ರ ಆಸುಪಾಸು ಮೀಟಿಯರ್ ಕಲಿಯುತ್ತಿದ್ದ ಹುಡುಗರ ಕಾಲೂ ಹೀಗೆಯೇ ನಡುಗಿರಬೇಕು. ಅವರ ಹಿಂದೆ ಕೂತವರ ಕೈಯಲ್ಲಿ ಜೀವಂತ ಎಂಜಿನ್ ಇರಲಿಲ್ಲ. ನಮ್ಮ ನಡುವಿನ ವ್ಯತ್ಯಾಸ ಅಷ್ಟೇ. ಅವರು ನನಗಿಂತ ದಡ್ಡರಾಗಿದ್ದರೆಂದು ನಾನು ಹೇಗೆ ಒಪ್ಪಲಿ?

ಇನ್ನೊಂದು ಬಗೆಯ ಸಾವು ಇತ್ತು. ಎರಡು ಆಸನಗಳ ತರಬೇತಿ ಮೀಟಿಯರ್‌ಗೆ ಟಿ.7 ಎಂದು ಹೆಸರು. 1948ರ ಮಾರ್ಚ್‌ನಲ್ಲಿ ಮೊದಲು ಹಾರಿದ್ದು. ಅದು ಇಳಿಯಲೆಂದು ಸಾವಿರ ಅಡಿಯಲ್ಲಿ ರನ್‌ವೇ ಪಕ್ಕ ಬರುತ್ತಿರುವಾಗ, ಎರಡೂ ಎಂಜಿನ್ ಸರಿಯಾಗಿ ಓಡುತ್ತಿರುವಾಗಲೇ, ಇದ್ದಕ್ಕಿದ್ದಂತೆ ಮಗುಚಿ ನೆಲಕ್ಕೆ ಧುಮುಕುತ್ತಿತ್ತು. ಪೈಲಟ್‌ಗಳು ಅದನ್ನು ಭೂತದ ಧುಮುಕು ಎನ್ನುವ ಅರ್ಥದ ಮಾತಿನಿಂದ ಕರೆದರು. ಭೂತವೇನೂ ಇರಲಿಲ್ಲ. ವೇಗ ತಗ್ಗಿಸಲು ರೆಕ್ಕೆಯಿಂದ ಮೇಲಕ್ಕೂ ಕೆಳಕ್ಕೂ ಚಾಚುವ ಏರ್ ಬ್ರೇಕ್ ಪಟ್ಟಿಗಳಿವೆ. ಅವು ಹೊರಗಿರುವಾಗಲೇ ಚಕ್ರ ಇಳಿಸಿದರೆ, ಎರಡು ಚಕ್ರಗಳೂ ಒಂದೇ ಕ್ಷಣಕ್ಕೆ ಇಳಿಯದೆ ಮೂತಿ ಪಕ್ಕಕ್ಕೆ ಸರಿಯುತ್ತಿತ್ತು. ಅದನ್ನು ತಿದ್ದಬೇಕಾದ ಬಾಲಕ್ಕೆ ಏರ್ ಬ್ರೇಕ್‌ಗಳ ಹಿಂದಿನ ಕದಡಿದ ಗಾಳಿ ಬಡಿದು ಅದು ನಿಷ್ಪ್ರಯೋಜಕವಾಗುತ್ತಿತ್ತು. ಚಕ್ರ ಇಳಿಸುವ ಮೊದಲು ಏರ್ ಬ್ರೇಕ್ ಒಳಗೆ: ನಿಯಮ ಇಷ್ಟೇ. ಆ ನಿಯಮದ ಬೆಲೆ ತಿಳಿಯಬೇಕಾದರೆ 1988ರ ಮೇ 30ನ್ನು ನೆನೆಯಬೇಕು. ಅಂದು ಇಂಗ್ಲೆಂಡಿನ ಕವೆಂಟ್ರಿಯ ವಿಮಾನ ಪ್ರದರ್ಶನದಲ್ಲಿ, ಪ್ರೇಕ್ಷಕರ ಎದುರಿನಲ್ಲಿ, ಹಳೆಯ ಟಿ.7 ಒಂದು ಇದೇ ರೀತಿ ಬಿದ್ದು ಪೈಲಟ್ ಸತ್ತರು. ಆ ವಿಮಾನದ ವಯಸ್ಸು ಆಗ ಮೂರೂವರೆ ದಶಕ ದಾಟಿತ್ತು.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೀಟಿಯರ್ ಗಂಟೆಯೊಳಗೆ ಇಂಧನ ಕುಡಿದು ಮುಗಿಸುತ್ತಿತ್ತು. ಮೋಡ ಕವಿದ ಯಾರ್ಕ್‌ಷೈರಿನಲ್ಲಿ ದಾರಿ ತಪ್ಪಿದವನಿಗೆ ಹುಡುಕಾಡಲು ಸಮಯವಿರಲಿಲ್ಲ. ಬ್ರೇಕ್‌ಗಳು ಸಾಲದಾಗಿದ್ದವು. ಆಮ್ಲಜನಕದ ಕೊಳವೆ ಕಳಚಿದರೆ ಪೈಲಟ್ಟಿಗೇ ತಿಳಿಯುತ್ತಿರಲಿಲ್ಲ. ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಒಮ್ಮೆ ನನ್ನನ್ನು ಒತ್ತಡ ಇಳಿಸುವ ಕೋಣೆಯಲ್ಲಿ ಕೂರಿಸಿ, ಮುಖವಾಡ ತೆಗೆಸಿ, ನೂರರಿಂದ ಹಿಂದಕ್ಕೆ ಅಂಕಿ ಬರೆಯಲು ಹೇಳಿದ್ದರು. ಚೆನ್ನಾಗಿಯೇ ಬರೆಯುತ್ತಿದ್ದೇನೆಂದು ನಾನು ಖುಷಿಯಲ್ಲಿದ್ದೆ. ಹೊರಗೆ ಬಂದು ಕಾಗದ ನೋಡಿದರೆ ಎಂಬತ್ತರ ಕೆಳಗೆ ಬರೀ ಗೀಟುಗಳು.

ಇಷ್ಟೆಲ್ಲ ಇದ್ದೂ ಹಾರಾಟ ನಿಲ್ಲಿಸಲಿಲ್ಲವೇಕೆ ಎಂದರೆ, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಬ್ರಿಟನ್ನಿಗೆ ಜೆಟ್ ಪೈಲಟ್‌ಗಳು ಬೇಕು, ಬೇಗ ಬೇಕು. ಕಡ್ಡಾಯ ಸೈನಿಕ ಸೇವೆಗೆ ಬಂದ ಹತ್ತೊಂಬತ್ತು ಇಪ್ಪತ್ತರ ಹುಡುಗರನ್ನೂ ಕಾಕ್‌ಪಿಟ್‌ಗೆ ಹತ್ತಿಸಿದರು. ಮಹಾಯುದ್ಧದಲ್ಲಿ ದಿನಕ್ಕೆ ಹತ್ತಾರು ಸಾವು ಕಂಡಿದ್ದ ಅಧಿಕಾರಿಗಳಿಗೆ ವಾರಕ್ಕೆ ಎರಡು ಮೂರು ಸಾವು ದೊಡ್ಡದಾಗಿ ಕಾಣಲಿಲ್ಲ. ಅದನ್ನು ತರಬೇತಿಯ ಖರ್ಚು ಎಂದುಕೊಂಡರು. ನನ್ನ ಮಟ್ಟಿಗೆ ಮೊದಲ ತಪ್ಪು ಅಲ್ಲಿದೆ. ಏರ್ ಬ್ರೇಕ್, ರಡ್ಡರ್ ಎಲ್ಲ ಅದರ ನಂತರ ಬರುತ್ತವೆ.

ಪ್ರಶ್ನೆ: ಸರ್, ಹಳೆಯ ಜೆಟ್‌ಗಳ ಪೈಲಟ್‌ಗಳು ಪ್ಯಾರಾಚೂಟ್‌ನಲ್ಲಿ ಹಾರಿ ಪಾರಾಗಬಹುದಿತ್ತಲ್ಲವೇ? ಹೊರಗೆಸೆಯುವ ಆಸನ ಆಗ ಇತ್ತೇ? — ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇತ್ತು ಮಗು, ಆದರೆ ಬೇಕಾದವರಿಗೆ ಸಿಗಲಿಲ್ಲ. ಬ್ರಿಟನ್ನಿನಲ್ಲಿ ಅದನ್ನು ಮಾಡಿದವರು ಮಾರ್ಟಿನ್ ಬೇಕರ್ ಕಂಪನಿಯ ಜೇಮ್ಸ್ ಮಾರ್ಟಿನ್. ಅವರ ಗೆಳೆಯ, ಪಾಲುದಾರ ವ್ಯಾಲೆಂಟೈನ್ ಬೇಕರ್ 1942ರಲ್ಲಿ ಕಂಪನಿಯದೇ ವಿಮಾನದ ಪರೀಕ್ಷಾ ಹಾರಾಟದಲ್ಲಿ ಎಂಜಿನ್ ಕೈಕೊಟ್ಟು ಸತ್ತರು. ಅಲ್ಲಿಂದ ಮಾರ್ಟಿನ್ ಅವರಿಗೆ ಪೈಲಟ್ಟಿನ ಜೀವ ಉಳಿಸುವುದೇ ಹಗಲು ರಾತ್ರಿಯ ಚಿಂತೆಯಾಯಿತು. 1946ರ ಜುಲೈ 24ರಂದು ಅದೇ ಕಂಪನಿಯ ಬರ್ನಾರ್ಡ್ ಲಿಂಚ್ ಎಂಬ ಧೈರ್ಯಶಾಲಿ ಹಾರುತ್ತಿರುವ ವಿಮಾನದಿಂದ ಆ ಆಸನದಲ್ಲಿ ಸಿಡಿದು ಹೊರಬಂದು ಕ್ಷೇಮವಾಗಿ ಇಳಿದರು. ಅವರು ಹೊರಬಂದ ವಿಮಾನ ಯಾವುದು ಗೊತ್ತೇ? ಮೀಟಿಯರ್.

ಆದರೂ ಮೊದಮೊದಲ ಮೀಟಿಯರ್‌ಗಳಲ್ಲಿ ಆಸನ ಇರಲಿಲ್ಲ. ಎಫ್.8 ಎಂಬ ಮಾದರಿಗೆ ಬಂತು. ಹುಡುಗರು ಕಲಿಯುತ್ತಿದ್ದ ಟಿ.7ಕ್ಕೆ ಬರಲಿಲ್ಲ. ನನ್ನ ಮಗಳ ಮನೆಗೆ ಇಂಗ್ಲೆಂಡಿಗೆ ಹೋಗಿದ್ದಾಗ ಒಂದು ವಸ್ತುಸಂಗ್ರಹಾಲಯದಲ್ಲಿ ಟಿ.7ನ್ನು ಹತ್ತಿರದಿಂದ ನೋಡಿದೆ. ಮುಂದೊಬ್ಬ ಹಿಂದೊಬ್ಬ ಕೂರುವ ಉದ್ದನೆಯ ಕಾಕ್‌ಪಿಟ್, ಅದರ ಮೇಲೆ ದಪ್ಪ ಲೋಹದ ಚೌಕಟ್ಟಿನ ಗಾಜಿನ ಮುಚ್ಚಳ. ನಮ್ಮ ಹಳೆಯ ಮನೆಗಳ ಪಣತದ ಬಾಗಿಲಿನಷ್ಟು ಭಾರ ಇರಬಹುದು ಅನ್ನಿಸಿತು. ತಲೆಕೆಳಗಾಗಿ ಬೀಳುತ್ತಿರುವ ವಿಮಾನದಲ್ಲಿ ಆ ಮುಚ್ಚಳ ಕಳಚಿ, ಪಟ್ಟಿ ಬಿಚ್ಚಿ, ಎದ್ದು ನಿಂತು ಹಾರಬೇಕು. ಸಾವಿರ ಅಡಿಯಿಂದ ಧುಮುಕುವ ವಿಮಾನ ಅದಕ್ಕೆ ಕೆಲವೇ ಸೆಕೆಂಡು ಕೊಡುತ್ತದೆ.

ನಮ್ಮಲ್ಲಿ? 1948ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದ ಮೊದಲ ಜೆಟ್ ವ್ಯಾಂಪೈರ್. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಯಿತು. ಅದರದು ಒಂದೇ ಎಂಜಿನ್, ದೇಹದ ನಡುವೆಯೇ ಇದ್ದದ್ದರಿಂದ ಮೇಲೆ ಹೇಳಿದ ಮಗುಚುವ ಕಷ್ಟ ಇರಲಿಲ್ಲ. ಆದರೆ ಹೊರಗೆಸೆಯುವ ಆಸನ ಅದರಲ್ಲೂ ಆರಂಭದಲ್ಲಿ ಇರಲಿಲ್ಲ. ಅದರ ಬಾಲ ಎರಡು ಉದ್ದನೆಯ ತೊಲೆಗಳ ನಡುವೆ ಅಡ್ಡಪಟ್ಟಿಯಂತೆ ಪೈಲಟ್ಟಿನ ಬೆನ್ನ ಹಿಂದೆಯೇ ಇತ್ತು. ಹಾರುವವನಿಗೆ ಅದೇ ಬಡಿಯುವ ಭಯ.

ಪ್ರಶ್ನೆ: ನಮ್ಮ ಮಗ ವಾಯುಪಡೆಯ ಪೈಲಟ್ ತರಬೇತಿಗೆ ಆಯ್ಕೆಯಾಗಿ ದುಂಡಿಗಲ್‌ಗೆ ಹೊರಟಿದ್ದಾನೆ. ಮನೆಯವರೆಲ್ಲ ಸಂಭ್ರಮದಲ್ಲಿದ್ದಾರೆ. ನನಗೆ ಮಾತ್ರ ರಾತ್ರಿ ನಿದ್ದೆ ಬರುವುದಿಲ್ಲ. ಯಾರಿಗೂ ಹೇಳಿಲ್ಲ. ನೀವು ಏನು ಹೇಳುತ್ತೀರಿ? — ಗೃಹಿಣಿ, ಹಾಸನ ಜಿಲ್ಲೆ

ಉತ್ತರ: ತಾಯಿ, ಅಪಾಯವೇ ಇಲ್ಲ ಎಂದು ನಾನು ಬರೆದರೆ ನೀವು ನಂಬುವುದಿಲ್ಲ, ನಂಬಲೂಬಾರದು. ತರಬೇತಿಯಲ್ಲಿ ಅಪಘಾತ ಇಂದಿಗೂ ಆಗುತ್ತದೆ. ಆದರೆ ಮೇಲಿನ ಎರಡು ಉತ್ತರಗಳನ್ನು ಓದಿ ನಿಮ್ಮ ಭಯ ಹೆಚ್ಚಾಗಿದ್ದರೆ, ಅದೇ ಹುಡುಗರ ಕಾರಣದಿಂದ ನಿಮ್ಮ ಮಗನಿಗೆ ಏನು ಸಿಕ್ಕಿದೆ ಎಂಬುದನ್ನೂ ಓದಿ.

ದುಂಡಿಗಲ್‌ನಲ್ಲಿ ಅವನು ಮೊದಲು ಹತ್ತುವ ಪಿಲಾಟಸ್ ತರಬೇತಿ ವಿಮಾನದಲ್ಲೇ ಹೊರಗೆಸೆಯುವ ಆಸನ ಇದೆ. ಮುಂದೆ ಯುದ್ಧವಿಮಾನಗಳ ಶಾಖೆಗೆ ಹೋದರೆ ನಮ್ಮ ಬೀದರ್‌ನಲ್ಲಿ ಹಾಕ್ ಜೆಟ್ ಕಲಿಯುತ್ತಾನೆ. ಅದರ ಆಸನವಂತೂ ವಿಮಾನ ನೆಲದ ಮೇಲೆ ನಿಂತಿರುವಾಗ ಎಳೆದರೂ ಪೈಲಟ್ಟನ್ನು ಪ್ಯಾರಾಚೂಟ್ ಅರಳುವಷ್ಟು ಎತ್ತರಕ್ಕೆ ಒಯ್ಯುತ್ತದೆ. ಜೇಮ್ಸ್ ಮಾರ್ಟಿನ್ ಅವರ ಕಂಪನಿಯದೇ ಆಸನ. ಸಾರಿಗೆ ವಿಮಾನಗಳ ಶಾಖೆಗೆ ಹೋದರೆ ಯಲಹಂಕದಲ್ಲಿ ಎರಡು ಎಂಜಿನ್‌ಗಳ ವಿಮಾನ ಹಾರಿಸುವುದನ್ನು ಕಲಿಯುತ್ತಾನೆ. ಒಂದು ಎಂಜಿನ್ ಕೈಕೊಟ್ಟರೆ ಏನು ಮಾಡಬೇಕು ಎಂಬುದು ಅಲ್ಲಿನ ಪಾಠದಲ್ಲಿ ಇದ್ದೇ ಇರುತ್ತದೆ. ಇಂದಿನ ಪೈಲಟ್‌ಗಳು ಅದರ ಕೆಟ್ಟ ರೂಪಗಳನ್ನೆಲ್ಲ ಸಿಮ್ಯುಲೇಟರ್‌ನಲ್ಲಿ ಕಲಿಯುತ್ತಾರೆ. ಅಲ್ಲಿ ಹತ್ತು ಸಲ ಮಗುಚಿದರೂ ಎದ್ದು ಹೋಗಿ ಚಹಾ ಕುಡಿದು ಮತ್ತೆ ಬಂದು ಕೂರಬಹುದು.

ನಿಮ್ಮ ಭಯವನ್ನು ಮಗನಿಂದ ಮುಚ್ಚಿಡಬೇಡಿ. ಮೊದಲ ರಜೆಗೆ ಮನೆಗೆ ಬಂದಾಗ ಊಟಕ್ಕೆ ಬಡಿಸಿ, ಪಕ್ಕದಲ್ಲಿ ಕೂತು, ‘ನಿನ್ನ ವಿಮಾನ ಯಾವ ವೇಗಕ್ಕಿಂತ ಕೆಳಗೆ ಹೋಗಬಾರದು?’ ಎಂದು ಕೇಳಿ. ಅವನು ತಡವರಿಸದೆ ಒಂದು ಸಂಖ್ಯೆ ಹೇಳಬೇಕು. ಇನ್ನೊಂದು ರಜೆಗೆ ಬಂದಾಗ ಮತ್ತೆ ಕೇಳಿ.

ನಮ್ಮ ಊರು ಶಿರಸಿಯ ಹತ್ತಿರ. ನನ್ನ ತಾಯಿ ಓದಿದ್ದು ನಾಲ್ಕನೇ ತರಗತಿ. ಆಗ್ರಾದ ಆ ಬೆಳಗಿನ ಕಥೆಯನ್ನು, ನನ್ನ ಕಾಲು ನಡುಗಿದ್ದನ್ನು, ಕಳೆದುಕೊಂಡ ಎಂಟು ನಾಟ್‌ಗಳನ್ನು ಒಂದು ರಜೆಯಲ್ಲಿ ಅಡಿಕೆ ಸುಲಿಯುತ್ತ ಕೂತಾಗ ಅವರಿಗೆ ಹೇಳಿದ್ದೆ. ಅವರು ಹೆಚ್ಚು ಕೇಳಲಿಲ್ಲ, ಕತ್ತಿಯ ಮೇಲಿದ್ದ ಕೈ ಸ್ವಲ್ಪ ಹೊತ್ತು ನಿಂತಿತು, ಅಷ್ಟೇ. ರಜೆ ಮುಗಿದು ಹುಬ್ಬಳ್ಳಿಯ ಬಸ್ ಹತ್ತುವಾಗ ಉಳಿದ ಹುಡುಗರ ತಾಯಂದಿರು ಜೋರಾಗಿ ಹೋಗಬೇಡ, ನಿಧಾನವಾಗಿ ಹೋಗು ಎನ್ನುತ್ತಿದ್ದರು. ನನ್ನ ತಾಯಿ ಕಿಟಕಿಯ ಸರಳು ಹಿಡಿದು, ‘ತಮ್ಮಾ, ನಿಧಾನ ಮಾಡಬೇಡ’ ಎಂದರು. ನಾನು ಹಾರುವುದನ್ನು ಬಿಡುವವರೆಗೂ ಪ್ರತಿ ಸಲವೂ ಅದನ್ನೇ ಹೇಳಿದರು.